ಎವೆಲಿಯೊನ ಹಳದಿ ಕಾಲುಚೀಲ

ನನ್ನ ಕ್ಷೌರದ ಕುರ್ಚಿಯ ಪಕ್ಕದ ಜಗಲಿಯಲ್ಲೇ ಎವೆಲಿಯೊ ಶೂ ರಿಪೇರಿ ಮಾಡುತ್ತಿದ್ದ. ಅದಕ್ಕೂ ಮೊದಲು ನಮ್ಮೂರು ಸಾನ್ ಬ್ರೌಲಿಯೊದ ಸಕ್ಕರೆ ಗಿರಣಿಯಲ್ಲಿ ದುಡಿದು ಸವೆದವನು. ಗಿರಣಿ ಮುಚ್ಚಿತು, ಸಕ್ಕರೆ ಕಾಯಿಲೆ ಮಾತ್ರ ಅವನ ಮೈಯಲ್ಲಿ ಉಳಿಯಿತು. ಹೆಂಡತಿ ಎನೆಯ್ದಾ ಅವನ ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿದಳು, ಕಾಫಿಗೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದಳು. ಬೇಸ್‌ಬಾಲ್ ಹುಚ್ಚು ಬಿಡಿಸಲು ಮಾತ್ರ ಅವಳಿಂದ ಆಗಲಿಲ್ಲ.

ನಮ್ಮ ತಂಡದ ಮಾತೆತ್ತಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇಡೀ ಕ್ಯೂಬಾ ಸುತ್ತಿ ಆಡಿದರೂ ಒಮ್ಮೆಯೂ ಪ್ರಶಸ್ತಿ ಮುಟ್ಟದವರು ನಾವು. ಆ ವರ್ಷ ಅಂತಿಮ ಸರಣಿಯಲ್ಲಿ ಎದುರಾದ ಪುಯೆರ್ತೊ ಎಸ್ಪಿನೊದವರ ಹಣೆಬರಹವೂ ಅದೇ. ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಮೊದಲ ಕಿರೀಟ.

ಸೆಮಿಫೈನಲ್‌ನಲ್ಲಿ ನಾವು ಗಂಟುಮೂಟೆ ಕಟ್ಟುವ ಸ್ಥಿತಿಯಲ್ಲಿದ್ದ ದಿನ ಎವೆಲಿಯೊ ಹಳದಿ ಕಾಲುಚೀಲ ಹಾಕಿಕೊಂಡು ಪಂದ್ಯ ನೋಡಲು ಬಂದಿದ್ದ. ಗೆದ್ದೆವು. ಮರುದಿನವೂ ಗೆದ್ದೆವು. ಗೆಲ್ಲಿಸಿದ ಬಟ್ಟೆಯನ್ನು ನಮ್ಮಲ್ಲಿ ಯಾರೂ ಒಗೆಯುವುದಿಲ್ಲ, ಬಿಚ್ಚುವುದೂ ಇಲ್ಲ. ಪಾರ್ಕಿನ ಬೆಂಚಿನಲ್ಲಿ ದಿನವಿಡೀ ಬೇಸ್‌ಬಾಲ್ ಜಗಳವಾಡುವ ಗುಂಪು ಅವನ ಕಾಲಿಗೆ ಕಾವಲು ನಿಂತಿತು. ಗುಂಪಿನ ಮುಖಂಡ ಲಾಸಾರೊ ಬೆಳಗಾದರೆ ವಿಚಾರಣೆಗೆ ಬರುತ್ತಿದ್ದ.

"ಮಲಗುವಾಗ ಬಿಚ್ಚಿದ್ಯೇನೋ?"

"ಇಲ್ಲ ಕಣೋ."

"ಸ್ನಾನ?"

"ಪ್ಲಾಸ್ಟಿಕ್ ಚೀಲ ಕಟ್ಕೊಂಡು ಮಾಡ್ದೆ."

"ನೀನು ಕಣಯ್ಯ ಗಂಡಸು ಅಂದ್ರೆ."

ಅಂತಿಮ ಸರಣಿ ಶುರುವಾಯಿತು. ಗೆದ್ದರೆ ಅದು ಕಾಲುಚೀಲದ ಮಹಿಮೆ. ಸೋತರೆ ತಪ್ಪು ಬೇರೆ ಯಾರದೋ: ಒಬ್ಬ ಕೂರುವ ಜಾಗ ಬದಲಿಸಿದ್ದ, ಇನ್ನೊಬ್ಬ ಗಡ್ಡ ಬೋಳಿಸಿದ್ದ. ನನ್ನ ಕುರ್ಚಿಗಂತೂ ಒಂದು ನೊಣವೂ ಬರಲಿಲ್ಲ.

ಎವೆಲಿಯೊನ ಕಾಲಿಗೆ ಯಾವಾಗಲೋ ಶೂ ಮೊಳೆ ಚುಚ್ಚಿತ್ತು. ಕಾಯಿಲೆಯಿಂದ ಪಾದ ಮರಗಟ್ಟಿತ್ತು, ಅವನಿಗೆ ತಿಳಿಯಲೇ ಇಲ್ಲ. ತಿಳಿದದ್ದು ಎನೆಯ್ದಾಳ ಮೂಗಿಗೆ. ಅವಳು ಜಗಲಿಗೇ ಬಂದಳು.

"ಏನೋ ಕೊಳೀತಾ ಇದೆ. ಒಂದ್ಸಲ ಬಿಚ್ಚಿ ತೋರ್ಸು."

"ಸರಣಿ ಮುಗೀಲಿ, ನೀನೇ ಒಗೀವಂತೆ."

ಲಾಸಾರೊ ಮೂಗು ತೂರಿಸಿದ. "ಏನಮ್ಮಾ, ಕಾಲುಚೀಲ ಅಂದ್ಮೇಲೆ ವಾಸನೆ ಬರ್ದೆ ಇರತ್ತಾ? ನನ್ನ ಹೆಂಡ್ತಿ ಮದ್ವೆ ಆದಾಗಿಂದ ಸಹಿಸ್ಕೊಂಡಿದಾಳೆ."

"ನಿನ್ನ ಕಾಲು ಕೊಳೆತ್ರೆ ನಾನು ಮನೆ ಬಿಟ್ಟು ಬರ್ತಾನೇ ಇರ್ಲಿಲ್ಲ ಲಾಸಾರೊ. ಇದು ನನ್ನ ಗಂಡನ ಕಾಲು."

ಎಲ್ಲರೂ ನಕ್ಕರು. ನಗುವಂಥದ್ದು ಏನಿತ್ತೋ, ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅವಳು ತಲೆ ತಗ್ಗಿಸಿಕೊಂಡು ಮನೆಗೆ ಹೋದಳು.

ಎರಡೂ ತಂಡ ಮೂರು ಮೂರು ಗೆದ್ದು, ಕೊನೆಯ ಪಂದ್ಯ ಉಳಿಯಿತು. ಆ ಪಂದ್ಯದ ದಿನ ಮಧ್ಯಾಹ್ನ ಎವೆಲಿಯೊ ಜ್ವರ ನೆತ್ತಿಗೇರಿ ಏನೇನೋ ಬಡಬಡಿಸತೊಡಗಿದ. ಎನೆಯ್ದಾ ಯಾರನ್ನೂ ಕೇಳದೆ ಕುದುರೆಗಾಡಿ ತರಿಸಿದಳು. ಆಸ್ಪತ್ರೆಗೆ ಸಾಗಿಸಲು ನಾನೂ ಕೈಜೋಡಿಸಿದೆ. ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಡಾಕ್ಟರಮ್ಮ ಕತ್ತರಿಯಲ್ಲಿ ಕತ್ತರಿಸಿ ತೆಗೆದಳು. ಕೆಳಗಿನ ಪಾದ ನೋಡಿ ನಾನು ಮುಖ ತಿರುಗಿಸಿದೆ.

"ಬಿಚ್ಚಿಬಿಟ್ರಾ?" ಎಂದು ಎವೆಲಿಯೊ ಸಣ್ಣ ದನಿಯಲ್ಲಿ ಕೇಳಿದ. ಅವನ ಕಣ್ಣು ತುಂಬಿತ್ತು. ಕಾಲಿಗಾಗಿ ಅಲ್ಲ.

ಸಂಜೆ ವಾರ್ಡಿನ ರೇಡಿಯೊದಲ್ಲಿ ಪಂದ್ಯ ಕೇಳಿದೆವು. ಕೊನೆಯ ಸರದಿಯವರೆಗೂ ಮುಂದಿದ್ದವರು ನಾವು. ಆಮೇಲೆ ಪುಯೆರ್ತೊ ಎಸ್ಪಿನೊದವನೊಬ್ಬ ಚೆಂಡನ್ನು ಬೇಲಿಯಾಚೆ ಬಾರಿಸಿದ. ಮರುದಿನ ಬೆಳಿಗ್ಗೆ ಎವೆಲಿಯೊನ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಪಾರ್ಕಿನಲ್ಲಿ ಯಾರೂ ಕಾಲಿನ ಬಗ್ಗೆ ವಿಚಾರಿಸಲಿಲ್ಲ. "ಒಂದಿನ ತಡ್ಕೊಂಡಿದ್ರೆ ಅವಳ ಗಂಟೇನು ಹೋಗ್ತಿತ್ತು?" ಎಂದ ಲಾಸಾರೊ. ರೇಷನ್ ಸಾಲಿನಲ್ಲಿ ಎನೆಯ್ದಾಳನ್ನು ಕಂಡರೆ ಹೆಂಗಸರೂ ಮಾತು ನಿಲ್ಲಿಸುತ್ತಿದ್ದರು. ಗಂಡನ ಜೀವ ಉಳಿಸಿದವಳು ಊರಿಗೆ ಕೆಟ್ಟವಳಾದಳು.

ಮುಂದಿನ ಋತು ಶುರುವಾಗುವ ಮುನ್ನ ಗುಂಪು ಎವೆಲಿಯೊನ ಮನೆಗೆ ಬಂತು. ಲಾಸಾರೊ ಜೇಬಿನಿಂದ ಹೊಸ ಹಳದಿ ಕಾಲುಚೀಲದ ಜೋಡಿ ತೆಗೆದ, ಒಂದನ್ನು ಕೊಟ್ಟ, ಇನ್ನೊಂದನ್ನು ಜೇಬಿಗೇ ಹಾಕಿಕೊಂಡ. ಅವರು ತನ್ನನ್ನು ಮರೆತಿಲ್ಲವೆಂದು ಎವೆಲಿಯೊನ ಮುಖ ಅರಳಿತು. ಅಲ್ಲೇ ಬಗ್ಗಿ ಹಾಕಿಕೊಂಡ. ಉಳಿದ ಪಾದವನ್ನು ದಿನಾ ನೋಡಬೇಕೆಂದು ಡಾಕ್ಟರಮ್ಮ ಎನೆಯ್ದಾಳಿಗೆ ಹೇಳಿದ್ದಳು.

ಮೊದಲ ಪಂದ್ಯ ಗೆದ್ದೆವು. ಸಂಜೆ ಎನೆಯ್ದಾ ಬಿಸಿನೀರಿನ ಬೋಗುಣಿ ತಂದು ಅವನೆದುರು ಕೂತಳು. ಎವೆಲಿಯೊ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡ.