ದೊಡ್ಡಮ್ಮನ ಕನ್ನಡದ ತಪ್ಪುಗಳು

ಉಡುಪಿಯ ಒಂದು ಕಾಲೇಜಿನಲ್ಲಿ ಅನ್ವಯಿಕ ಭಾಷಾವಿಜ್ಞಾನ ಓದುತ್ತಿದ್ದಾಗ ಕೊನೆಯ ಸೆಮಿಸ್ಟರಿಗೆ ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ವಿಷಯ ಹುಡುಕಲು ನಾನು ಕಾಪುವಿನ ನಮ್ಮ ಮನೆಯಿಂದ ಹೊರಗೆ ಹೋಗಬೇಕಾಗಿರಲಿಲ್ಲ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಮೀನು ಮಾರುವವಳು. ಬೆಳಿಗ್ಗೆ ಮಲ್ಪೆಯಲ್ಲಿ ಬುಟ್ಟಿ ತುಂಬಿಸಿಕೊಂಡು, ಉದ್ಯಾವರದ ಮನೆಗಳನ್ನು ಮುಗಿಸಿ, ಮಧ್ಯಾಹ್ನದೊಳಗೆ ಮಣಿಪಾಲದ ಫ್ಲ್ಯಾಟುಗಳಿಗೆ ಮುಟ್ಟುತ್ತಿದ್ದಳು. ನಮ್ಮವರ ಮನೆಯಲ್ಲಿ ತುಳು, ಕ್ರೈಸ್ತರ ಅಂಗಳದಲ್ಲಿ ಕೊಂಕಣಿ, ಫ್ಲ್ಯಾಟುಗಳಲ್ಲಿ ಕನ್ನಡ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬಾಗಿಲು ತೆರೆದವರ ಮುಖ ನೋಡಿಯೇ ಭಾಷೆ ಬದಲಿಸುತ್ತಿದ್ದಳು. ಎಲ್ಲಿ ಯಾವ ಭಾಷೆ, ಚೌಕಾಸಿ ಜೋರಾದಾಗ ಯಾವುದಕ್ಕೆ ಹೊರಳುತ್ತಾಳೆ, ಯಾಕೆ? ಇದನ್ನೇ ಬರೆಯಬೇಕೆಂದು ನಾನು ಯೋಜನೆ ಹಾಕಿದೆ.

ಒಪ್ಪಿಗೆ ಪತ್ರವನ್ನು ಅವಳಿಗೆ ತುಳುವಿನಲ್ಲಿ ಓದಿ ಹೇಳಿದೆ. ಬೇಡವೆನಿಸಿದರೆ ಯಾವಾಗ ಬೇಕಾದರೂ ತನ್ನ ಮಾತುಗಳನ್ನು ಹಿಂದಕ್ಕೆ ಪಡೆಯಬಹುದು ಎಂಬ ಸಾಲನ್ನೂ ಓದಿದೆ.

“ನನ್ನ ಮಾತಲ್ಲಿ ಓದ್ಲಿಕ್ಕೆ ಎಂತ ಉಂಟು?” ಎಂದು ನಕ್ಕಳು. ಸಹಿ ಹಾಕಿದಳು. ಮೊದಲ ದಿನ ಒಳ್ಳೆಯ ಸೀರೆ ಉಟ್ಟು ಹೊರಟಳು.

ಫೋನಿನಲ್ಲಿ ಅವಳ ಮಾತುಗಳನ್ನು ರೆಕಾರ್ಡ್ ಮಾಡುತ್ತ ಮೂರು ವಾರ ಅವಳ ಹಿಂದೆ ತಿರುಗಿದೆ. ಆಮೇಲೆ ನಮ್ಮ ಗೈಡ್ ನನ್ನ ಯೋಜನೆಯ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು.

“ಭಾಷೆ ಬದಲಿಸುವುದರ ಬಗ್ಗೆ ಎಷ್ಟೋ ಜನ ಬರೆದಾಗಿದೆ. ಇದರಲ್ಲಿ ಹೊಸತು ಎಂತ ಉಂಟು? ‘ಇದೆ’ ಅನ್ನುವಲ್ಲಿ ‘ಉಂಟು’ ಅನ್ನುವಂಥ ಅವರ ಕನ್ನಡದ ತಪ್ಪುಗಳನ್ನು ಮಾತ್ರ ತೆಗಿ. ಒಂದು ಪಟ್ಟಿ ಮಾಡಿದರೆ ತಿಂಗಳಲ್ಲಿ ಮುಗೀತದೆ, ಅಲ್ವಾ?”

“ಅದು ತಪ್ಪಲ್ಲ ಸರ್. ಇಲ್ಲಿ ಎಲ್ಲರೂ ಹಾಗೇ ಮಾತಾಡುವುದು.”

“ಎಲ್ಲರೂ ಮಾಡಿದ ಕೂಡಲೇ ತಪ್ಪು ಸರಿ ಆಗ್ತದಾ?”

ಈಗಷ್ಟೇ ನೀವೂ ‘ಉಂಟು’ ಎಂದಿರಿ ಎಂದು ನಾನು ಹೇಳಬಹುದಿತ್ತು. ಅಂಕ ಅವರ ಕೈಯಲ್ಲಿತ್ತು. ಹೇಳಲಿಲ್ಲ.

ಕೊಂಕಣಿ, ತುಳು ಎಲ್ಲ ಕತ್ತರಿಸಿ ಹೋಯಿತು. ಕನ್ನಡ ಮಾತ್ರ ಉಳಿಯಿತು: ಎಡಗಡೆ ದೋಷ, ಬಲಗಡೆ ಸರಿಯಾದ ರೂಪ. ದೊಡ್ಡಮ್ಮನ ಹೆಸರು ‘ಮಾಹಿತಿದಾರೆ ಒಂದು’ ಎಂದಾಯಿತು.

ಕಾರ್ಕಳದ ಕಡೆಯ ಒಂದು ಕಾಲೇಜಿನಲ್ಲಿ ನಡೆದ ವಿದ್ಯಾರ್ಥಿ ಸಮ್ಮೇಳನದಲ್ಲಿ ಅದನ್ನು ಮಂಡಿಸಿದೆ. ಅವಳ ದನಿಯನ್ನೂ ಕೇಳಿಸಿದೆ. “ಅಮ್ಮಾ, ನೀವು ಬೇಡ ಹೇಳಿದ್ರೆ ಬಂಗುಡೆಗೆ ಬೇಜಾರಾಗ್ತದೆ. ಬೇಗ ಹೇಳಿ, ನಂಗೆ ಇನ್ನೂ ನಾಲ್ಕು ಮನೆಗೆ ಹೋಗ್ಲಿಕ್ಕುಂಟು.” ಬಂಗುಡೆಯ ತಮಾಷೆಗೆ ನಕ್ಕಿದ್ದರೆ ನನಗೆ ಬೇಸರವಿರಲಿಲ್ಲ. ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಹೋಗ್ಲಿಕ್ಕುಂಟು’ ಬಂದಾಗ ಸಭೆ ನಕ್ಕಿತು. ನಕ್ಕವರಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ಹಾಗೆಯೇ ಮಾತಾಡುವವರು. ಅವರ ಜೊತೆ ನಾನೂ ನಕ್ಕೆ.

ಸಭೆಯಲ್ಲಿದ್ದ ಒಬ್ಬ ಅಧ್ಯಾಪಕಿ ದೊಡ್ಡಮ್ಮ ಮೀನು ಕೊಡುವ ಫ್ಲ್ಯಾಟಿನವರೇ ಎಂದು ನನಗೆ ಗೊತ್ತಿರಲಿಲ್ಲ. ತಂಗಿಯ ಮಗಳು ಕಾಲೇಜಿಗಾಗಿ ತನ್ನ ಮಾತು ಬರೆದುಕೊಳ್ಳುತ್ತಿದ್ದಾಳೆಂದು ದೊಡ್ಡಮ್ಮನಿಂದ ಮೊದಲೇ ಕೇಳಿ, ದನಿಯ ಗುರುತನ್ನೂ ಹಿಡಿದಿದ್ದ ಅವರು ಮರುವಾರ ಮೀನು ಕೊಳ್ಳುವಾಗ ಪ್ರೀತಿಯಿಂದಲೇ ಹೇಳಿದರಂತೆ, “ನಿಮ್ಮ ಮಗಳು ನಿಮ್ಮ ಕನ್ನಡದ ತಪ್ಪುಗಳನ್ನು ಎಷ್ಟು ಚೆನ್ನಾಗಿ ಹುಡುಕಿದ್ದಾಳೆ! ನಾವೆಲ್ಲ ನಕ್ಕದ್ದೇ ನಕ್ಕದ್ದು.”

ಆ ಸಂಜೆ ದೊಡ್ಡಮ್ಮ ಬಾವಿಕಟ್ಟೆಯ ಹತ್ತಿರ ಬುಟ್ಟಿ ತೊಳೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು, “ಒಟ್ಟು ಎಷ್ಟು ತಪ್ಪುಂಟು?”

ನಾನು ಒಂದು ಕೊಡ ನೀರು ಸೇದಿ ಅವಳ ಪಕ್ಕದಲ್ಲಿಟ್ಟೆ.

“ಮೂರು ವಾರ ನನ್ನ ಪಕ್ಕದಲ್ಲೇ ಇದ್ದೆಯಲ್ಲ. ತಪ್ಪಿದಾಗ ಮೆಲ್ಲ ಹೇಳಿದ್ದರೆ ತಿದ್ದಿಕೊಳ್ತಿದ್ದೆ.”

“ಅದು ತಪ್ಪಲ್ಲ ದೊಡ್ಡಮ್ಮ.”

“ಮತ್ತೆ ಯಾಕೆ ಹಾಗೆ ಬರೆದದ್ದು?”

ಈ ಪ್ರಶ್ನೆಯನ್ನು ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. ಅವಳು ಬುಟ್ಟಿ ಕವುಚಿಹಾಕಿ ಎದ್ದಳು. “ನನ್ನ ಮಾತು ಅದರಿಂದ ತೆಗಿ. ತೆಗೀಬಹುದು ಅಂತ ನೀನೇ ಓದಿ ಹೇಳಿದ್ದಿ.”

ಗೈಡ್ ಹತ್ತಿರ ಹೋದೆ. “ಹೆಸರೇ ಇಲ್ಲವಲ್ಲ, ಯಾರಿಗೆ ಗೊತ್ತಾಗ್ತದೆ? ಸಮ್ಮೇಳನದ ಪುಸ್ತಕ ಅಚ್ಚಿಗೆ ಹೋಗಿ ಆಯ್ತು,” ಎಂದರು. ಹೋಗಿರಲಿಲ್ಲ. ತಿದ್ದುವುದಿದ್ದರೆ ಇನ್ನೂ ಒಂದು ವಾರ ಸಮಯವಿದೆ ಎಂದು ಸಮ್ಮೇಳನದವರೇ ನನಗೆ ಫೋನಿನಲ್ಲಿ ಹೇಳಿದ್ದರು. ಅಂಕ ಇನ್ನೂ ಬಂದಿರಲಿಲ್ಲವಾದ್ದರಿಂದ ನಾನು ವಾದಿಸಲಿಲ್ಲ. ಮನೆಗೆ ಬಂದು, ಇನ್ನು ತೆಗೆಯಲು ಆಗುವುದಿಲ್ಲ ಎಂದು ದೊಡ್ಡಮ್ಮನಿಗೆ ಸುಳ್ಳು ಹೇಳಿದೆ. “ಆಯ್ತು,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವಳು ಫ್ಲ್ಯಾಟುಗಳಿಗೆ ಹೋಗುವುದನ್ನು ಬಿಡಲಿಲ್ಲ. ಒಮ್ಮೆ ಅವಳಿಗೆ ಕೈನೋವಾಗಿ ಬುಟ್ಟಿ ಹೊರಲು ಜೊತೆಗೆ ಹೋದೆ. ಬಾಗಿಲಲ್ಲಿ ನಿಂತು ಮೀನಿನ ಹೆಸರು ಹೇಳಿದಳು, ಕ್ರಯವನ್ನು ಬೆರಳಿನಲ್ಲಿ ತೋರಿಸಿದಳು, ಅಷ್ಟೇ. “ಈಗ ನಿಮ್ಮ ಹತ್ರ ಮಾತೇ ಇಲ್ವಲ್ಲ?” ಎಂದು ಒಬ್ಬರು ಕೇಳಿದ್ದಕ್ಕೆ ಸುಮ್ಮನೆ ನಕ್ಕಳು.

ನನಗೆ ಒಳ್ಳೆಯ ಅಂಕ ಬಂತು. ಅಚ್ಚಾದ ಪ್ರಬಂಧವನ್ನು ಕೆಲಸದ ಅರ್ಜಿಯಲ್ಲಿ ಎಲ್ಲಕ್ಕಿಂತ ಮೇಲೆ ಹಾಕಿದೆ. ಸಂದರ್ಶನದಲ್ಲಿ ಒಬ್ಬರು ಅದನ್ನು ಮೆಚ್ಚಿಕೊಂಡು, ಈ ಹೆಂಗಸು ನಿಮಗೆ ಎಲ್ಲಿ ಸಿಕ್ಕಿದರು ಎಂದು ಕೇಳಿದರು.

“ಕಾಪುವಿನ ಕಡೆಯವರು ಸರ್. ಮೀನು ಮಾರುವವರು,” ಎಂದೆ. ನನ್ನ ದೊಡ್ಡಮ್ಮ ಎಂದು ಹೇಳಲಿಲ್ಲ. ಕೆಲಸ ಸಿಕ್ಕಿತು.