ಕುಂಕುಮ ಹಚ್ಚಿದ ಪಂಪು

೧೯೮೪, ಆಗಸ್ಟ್ ೬, ಸೋಮವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಡೈರಿಯ ಆ ಪುಟ ಹೀಗೆ ಶುರುವಾಗುತ್ತದೆ. ನಾನು ಬೆಳಗಾವಿಗೆ ಬಂದು ಆಗ ಐದು ವಾರ. ಕಾರ್ಖಾನೆಗಳಲ್ಲಿ ಕೆಲಸಗಾರರು ಎಂಥ ಗಾಳಿ ಉಸಿರಾಡುತ್ತಾರೆಂದು ಅಳೆಯುವುದು ನನ್ನ ನೌಕರಿ. ಟಿಳಕವಾಡಿಯಲ್ಲಿ ಒಂದು ಕೋಣೆ, ಒಂದು ಸೈಕಲ್, ಕ್ಯಾರಿಯರ್ ಮೇಲಿನ ಪೆಟ್ಟಿಗೆಯಲ್ಲಿ ನಾಲ್ಕು ಪಂಪು.

ಅಂಗೈಯಗಲದ ಪಂಪನ್ನು ಕೆಲಸಗಾರನ ಸೊಂಟಕ್ಕೆ ಕಟ್ಟಿ, ಅದರ ರಬ್ಬರ್ ನಳಿಗೆಯ ತುದಿಯ ಪುಟ್ಟ ಡಬ್ಬಿಯನ್ನು ಮೂಗಿನ ಹತ್ತಿರ ಕಾಲರಿಗೆ ಸಿಕ್ಕಿಸಬೇಕು. ಡಬ್ಬಿಯೊಳಗೆ ಬಿಳಿ ಸೋಸುಹಾಳೆ. ಗಾಳಿಯಲ್ಲಿದ್ದ ವಿಷ ಅದರ ಮೇಲೆ ಉಳಿಯುತ್ತದೆ.

ಅವತ್ತಿನದು ಸೈಕಲ್ ಹ್ಯಾಂಡಲ್‌ಗಳಿಗೆ ಕ್ರೋಮ್ ಹೊಳಪು ಕೊಡುವ ಸಣ್ಣ ಕಾರ್ಖಾನೆ. ಆಸಿಡ್ ತೊಟ್ಟಿಯ ಮುಂದೆ ನಿಲ್ಲುತ್ತಿದ್ದವರು ಖಾನಾಪುರದಿಂದ ಪ್ಯಾಸೆಂಜರ್ ರೈಲಿಗೆ ಬರುವ, ಐವತ್ತು ದಾಟಿದ ಒಬ್ಬರು. ಎಲ್ಲರಿಗೂ ಅವರು ಕಾಕಾ. ಹಬೆಗೆ ಅವರ ಮೂಗಿನಿಂದ ರಕ್ತ ಬರುತ್ತಿತ್ತು. ಅಳತೆ ಮಿತಿ ಮೀರಿದರೆ ತೊಟ್ಟಿಯ ಮೇಲೆ ಹಬೆ ಎಳೆಯುವ ಫ್ಯಾನು ಹಾಕಿಸಲೇಬೇಕು; ಮೀರದಿದ್ದರೆ ಇಲ್ಲ.

ನಾಲ್ವರಿಗೆ ಪಂಪು ಕಟ್ಟಿ, ನಾನು ಆಫೀಸಿನಲ್ಲಿ ಚಹಾ ಕುಡಿಯುತ್ತ ಫಾರಂ ತುಂಬಿದೆ. ‘ಪಾಳಿಯುದ್ದಕ್ಕೂ ಧರಿಸಿದ್ದರೇ?’ ಎಂಬಲ್ಲಿ ನಾಲ್ಕು ಬಾರಿ ‘ಹೌದು’ ಎಂದು ಬರೆದೆ.

ಸಂಜೆ ಕೋಣೆಯಲ್ಲಿ ನೋಡಿದರೆ ಮೂರು ಹಾಳೆ ಮಾಸಲು ಹಳದಿ. ತೊಟ್ಟಿಗೆ ಎಲ್ಲರಿಗಿಂತ ಹತ್ತಿರವಿದ್ದ ಕಾಕಾರದು ಮಾತ್ರ ಬಿಳಿ. ಒರೆಸಲು ಅವರ ಪಂಪು ಎತ್ತಿಕೊಂಡೆ. ಅದರ ನೆತ್ತಿಯ ಮೇಲೆ ಕುಂಕುಮ!

ಮರುದಿನ ಸ್ಟೇಶನ್ನಿನಲ್ಲಿ ರೈಲಿಗೆ ಕಾದು ನಿಂತೆ.

“ಕಾಕಾ, ನಿನ್ನೆ ಪಂಪ್ ಎಲ್ಲಿಟ್ಟಿದ್ರಿ?”

“ದೇವರ ಫೋಟೋದ ಬಾಜು ಮೊಳಿಗೆ ಹಾಕಿದ್ನಿರಿ ಸಾಹೇಬ್ರ. ನೀವು ಹೊಳ್ಳಿ ಬರೂ ಮುಂದ ಕಟ್ಕೊಂಡ್ನಿ.”

“ಯಾಕ್ರೀ?”

“ಸರಕಾರದ ಸಾಮಾನು. ಆಸಿಡ್ ಸಿಡದು ಕೆಟ್ರ ಯಾರ ನೌಕರಿ ಹೊಕ್ಕೈತಿ? ನಿಮಗಿನ್ನಾ ಮೀಸಿ ಸುದ್ದಾ ಬಂದಿಲ್ಲ.”

“ಮತ್ತ ಕುಂಕುಮ?”

“ಖಂಡೇನವಮಿಗೆ ಎಲ್ಲಾ ಮಿಷಿನ್‌ಗೂ ಹಚ್ತೀವಿ. ಇದಕ್ಕ್ಯಾಕ ಬ್ಯಾಡ?”

ಹಿಂದೆ ಬರುತ್ತಿದ್ದ ಪಾಲಿಶ್ ಕೆಲಸದವರು ನಕ್ಕರು. “ಕಾಯಿ ಒಡಿಯೂದೊಂದ ಉಳದಿತ್ರಿ!”

ನನಗೂ ನಗು ಬಂತು. ಆದರೆ ಆ ಪಂಪು ಅವರ ಮೂಗಿಗಾಗಿಯೇ ಬಂದದ್ದೆಂದು ನಾನು ಹೇಳಿರಲೇ ಇಲ್ಲ. ‘ಜೋಪಾನ, ಕೆಡಬಾರದು’ ಎಂದು ಮಾತ್ರ ಮೂರು ಸಲ ಹೇಳಿದ್ದೆ.

ಮೇಲಧಿಕಾರಿಯ ಮುಂದೆ ಫಾರಂ ಇಟ್ಟು, ನೋಡದೆಯೇ ‘ಹೌದು’ ಬರೆದೆನೆಂದು ಒಪ್ಪಿಕೊಂಡೆ. “ನಿಂತು ನೋಡಾಕ ಕಳಿಸಿದ್ನೋ, ಚಹಾ ಕುಡಿಯಾಕೋ?” ಎಂದು ಬೈದು, ಗುರುವಾರ ಮತ್ತೆ ಹೋಗಲು ಹೇಳಿದರು.

ಆಗಸ್ಟ್ ೯. ಇಡೀ ಪಾಳಿ ತೊಟ್ಟಿಯ ಪಕ್ಕ ನಿಂತೆ. ಕಾಕಾ ಮೂಗು ಒರೆಸಿಕೊಂಡದ್ದು ಹನ್ನೊಂದು ಸಲ, ನಾನು ಏಳು ಸಲ. “ಒಂದ ದಿನಕ್ಕ ನಿಮ್ಮ ಮೂಗು ಅಳಾಕ ಹತ್ತೇತಲ್ರಿ!” ಎಂದು ಅವರು ಕಾಡಿಸಿದರು. ಮಧ್ಯಾಹ್ನ ಹೊರಗೆ ಬೇವಿನ ನೆರಳಲ್ಲಿ ಅವರ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಇಬ್ಬರಿಗೂ ಪಾಲಾಯಿತು. ಆ ಚಟ್ನಿಯ ಖಾರ ಇವತ್ತಿಗೂ ನಾಲಿಗೆಯ ಮೇಲಿದೆ. ಸಂಜೆ ಅವರ ಹಾಳೆ ಅರಿಸಿನದ ಬಟ್ಟೆಯಂತಾಗಿತ್ತು. ಅಳತೆ ಮಿತಿ ಮೀರಿತ್ತು.

ದೀಪಾವಳಿ ಕಳೆದ ಮೇಲೆ ಫ್ಯಾನು ಬಂತು. ಕಾಕಾ ಅದಕ್ಕೂ ಕುಂಕುಮ ಹಚ್ಚಿದರು. ಈ ಸಲ ಕಾಯಿಯನ್ನೂ ಒಡೆದರು.

ರಕ್ತ ಬಂದ ದಿನಗಳನ್ನು ಅವರು ಹೇಳುತ್ತಿದ್ದರು, ನಾನು ಡೈರಿಯ ಕೊನೆಯ ಪುಟದಲ್ಲಿ ಬರೆಯುತ್ತಿದ್ದೆ. ಆಗಸ್ಟಿನಲ್ಲಿ ಒಂಬತ್ತು, ಡಿಸೆಂಬರಿನಲ್ಲಿ ಎರಡು. ಜನವರಿಯಲ್ಲಿ ನನಗೆ ವರ್ಗವಾಯಿತು. ಎರಡು ವರ್ಷದ ನಂತರ ಹೋದಾಗ ಕಾಕಾ ಕೆಲಸ ಬಿಟ್ಟಿದ್ದರು. ಪಾರಿಶ್ವಾಡದ ಕಡೆ ಮಗಳ ಮನೆಯಲ್ಲಿದ್ದಾರೆಂದು ಯಾರೋ ಅಂದರು. ಆ ಪುಟದಲ್ಲಿ ಡಿಸೆಂಬರಿನ ಕೆಳಗೆ ಗೆರೆ ಹಾಕಿಟ್ಟ ಸಾಲುಗಳು ಇನ್ನೂ ಖಾಲಿ ಇವೆ. ಅವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ಆ ರಕ್ತ ಪೂರ್ತಿ ನಿಂತಿತೇ ಎಂದು ಈ ಪತ್ರಿಕೆಯ ಮೂಲಕ ನನಗೊಂದು ಕಾರ್ಡು ಬರೆಯಿರಿ.