ರಮಾ ಟೀಚರ್ ಹೋಗದ ಭೂತಾನ್

ಭೂತಾನಿಗೆ ಹೋಗುವವರು ಆಧಾರ್ ಕಾರ್ಡ್ ನಂಬಿಕೊಂಡು ಹೊರಡಬಾರದು. ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ, ಅದಿಲ್ಲದಿದ್ದರೆ ವೋಟರ್ ಕಾರ್ಡ್. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ತಮ್ಮ ಮನೆಯಲ್ಲಿ ಕೂತು ನನಗೆ ಇದನ್ನು ಹೇಳಿಕೊಟ್ಟವರು ರಮಾ ಟೀಚರ್. ಅವರು ಭೂತಾನ್ ನೋಡಿಲ್ಲ. ನೋಡದ ಹಾಗೆ ಮಾಡಿದವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾದಿಹಳ್ಳಿಯ ಶಾಲೆಯಲ್ಲಿ ಅವರು ಸಮಾಜ ಹೇಳಿಕೊಡುತ್ತಿದ್ದರು, ನಾನು ಗಣಿತ. ಅವರ ತಂದೆ ಉಗ್ರಪ್ಪನವರು ಬೌದ್ಧ ದೀಕ್ಷೆ ತೆಗೆದುಕೊಂಡವರು. ಭೂತಾನಿನ ಪಾರೋದಲ್ಲಿ ಬಂಡೆಯ ಅಂಚಿಗೆ ಕಟ್ಟಿರುವ ಬೌದ್ಧ ಮಠದ ಚಿತ್ರವನ್ನು ಯಾವುದೋ ಕ್ಯಾಲೆಂಡರಿನಿಂದ ಕತ್ತರಿಸಿ ಗೋಡೆಗೆ ಹಾಕಿದ್ದರು. ಮಂಡಿ ಪೂರ್ತಿ ಕೈಕೊಡುವ ಮೊದಲು ಅಲ್ಲಿಗೆ ಹತ್ತಬೇಕು, ಟೀಚರಿಗೆ ಇದ್ದದ್ದು ಅದೊಂದೇ ಆಸೆ. ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಹಳೇಬೀಡಿನ ಕೆರೆ ಏರಿಯ ಮೇಲೆ ನಾಲ್ಕು ಸುತ್ತು ನಡೆದು ಕಾಲು ಹದ ಮಾಡಿಕೊಳ್ಳುತ್ತಿದ್ದರು.

ಜೊತೆ ಸಿಕ್ಕಿದ್ದು ಶಾಂತಾದೇವಿ. ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಮಗಳು, ನಮ್ಮ ಶಾಲೆಯಲ್ಲೇ ಕನ್ನಡ ಟೀಚರು, ರಮಾಗೆ ಇಪ್ಪತ್ತೆರಡು ವರ್ಷದ ಗೆಳತಿ. ನಮ್ಮ ಕಡೆಯವರು ಏಳು ಜನ ಇದ್ದೀವಿ, ನೀನೇ ನಮಗೆ ಗೈಡು ಅಂದರು. ಟೀಚರು ಕುಣಿದಾಡಿಬಿಟ್ಟರು. ಒಂದು ನೋಟ್‌ಬುಕ್ ತುಂಬಾ ಬರೆದರು. ಕೋಟೆಯಂಥ ಮಠಗಳಿಗೆ ಹೋಗುವಾಗ ತೋಳು, ಮಂಡಿ ಮುಚ್ಚುವ ಬಟ್ಟೆ ಇರಲಿ, ಟೋಪಿ ತೆಗೆಯಿರಿ. ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸುತ್ತಿ. ಗಡಿಯಾರ ಅರ್ಧ ಗಂಟೆ ಮುಂದಕ್ಕೆ ತಿರುಗಿಸಿ. ಅಲ್ಲಿ ಮೆಣಸಿನಕಾಯನ್ನೇ ತರಕಾರಿಯ ಹಾಗೆ ಬೇಯಿಸುತ್ತಾರೆ, ಹೊಟ್ಟೆ ಜೋಪಾನ. ಪಾರೋ ಬೆಟ್ಟವನ್ನು ಬಿಸಿಲೇರುವ ಮುಂಚೆ ಹತ್ತಲು ಶುರುಮಾಡಿ. ಚುನಾವಣೆ ಕೆಲಸ ಮಾಡಿ ಪಳಗಿದ್ದವರಲ್ಲವೇ, ಏಳೂ ಜನರ ವೋಟರ್ ಕಾರ್ಡಿನ ವಿಳಾಸ ತಿದ್ದಿಸಿಕೊಟ್ಟವರೂ ಅವರೇ.

ಹೊರಡಲು ವಾರವಿದ್ದಾಗ ಶಾಂತಾದೇವಿ ಫೋನ್ ಮಾಡಿ ಗುಡ್ಡ ಕುಸಿದಿದೆ, ಟ್ರಿಪ್ ಕ್ಯಾನ್ಸಲ್, ಮುಂದಿನ ವರ್ಷ ನೋಡೋಣ ಅಂದರು. ಟಿಕೆಟ್ಟೆಲ್ಲ ಅವರೇ ಮಾಡಿಸಿದ್ದರು. ರಮಾ ಟೀಚರು ನಂಬಿ, ಹೊಸ ಸ್ವೆಟರನ್ನು ಬೀರುವಿನಲ್ಲಿಟ್ಟರು.

ಹನ್ನೊಂದು ದಿನ ಕಳೆದಿತ್ತು. ಟೀಚರ ಮನೆಯ ಜಗಲಿಯಲ್ಲಿ ನಾವಿಬ್ಬರೂ ಅಕ್ಕಿ ಆರಿಸುತ್ತಿದ್ದೆವು. ಶಾಂತಾದೇವಿಯ ಸೊಸೆ ಅರುಣಾಳ ಫೋನ್ ಬಂತು, ಟೀಚರು ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟರು.

"ಟೀಚರ್, ಭೂತಾನ್ ಗೇಟಲ್ಲಿದ್ದೀವಿ. ಅತ್ತೆ ವೋಟರ್ ಕಾರ್ಡ್ ಮನೇಲೇ ಬಿಟ್ಟು ಆಧಾರ್ ತಂದಿದ್ದಾರೆ, ಒಳಗೆ ಬಿಡ್ತಿಲ್ಲ. ಏನ್ ಮಾಡೋದು?"

ಟೀಚರ ಕೈ ಮೊರದಲ್ಲೇ ನಿಂತಿತು. ಆಮೇಲೆ ಪಾಠ ಹೇಳುವ ದನಿಯಲ್ಲೇ ಹೇಳಿದರು, ಗಡಿಯೂರಿನಲ್ಲಿ ಭಾರತದ ಕಾನ್ಸುಲೇಟ್ ಕಚೇರಿ ಇದೆ, ಆಧಾರ್ ಮತ್ತು ಎರಡು ಫೋಟೋ ಹಿಡಿದು ಹೋಗಿ ಗುರುತಿನ ಚೀಟಿ ಕೇಳಿ. ಅರುಣಾ ಥ್ಯಾಂಕ್ಸ್ ಹೇಳಿ, ನಿಮಗೆ ಹುಷಾರಿಲ್ಲ, ನೀವೇ ಬರಲ್ಲ ಅಂದಿರಂತೆ, ಈಗ ಹೇಗಿದ್ದೀರಿ ಅಂತ ವಿಚಾರಿಸಿದಳು. ಪಾಪ, ಅವಳಿಗೇನೂ ಗೊತ್ತಿರಲಿಲ್ಲ. ಟೀಚರು ಅತ್ತೆಗೆ ಫೋನ್ ಕೊಡು ಅಂದರು.

"ತಪ್ಪು ತಿಳ್ಕೋಬೇಡ ಕಣೇ," ಅಂದರು ಶಾಂತಾದೇವಿ. "ರೂಮಿಗೆ ಇಬ್ಬಿಬ್ಬರು. ನಮ್ಮ ಕಡೆಯವರು ಹೇಗೆ ಅಂತ ನಿಂಗೇ ಗೊತ್ತಲ್ಲ. ನಿಂಗೆ ಮುಜುಗರ ಆಗಬಾರದು ಅಂತ."

"ನಾನು ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದ್ದೆ ಶಾಂತಾ."

ಶಾಂತಾದೇವಿ ಫೋನ್ ಇಟ್ಟುಬಿಟ್ಟರು. ನನಗೆ ಮೈ ಉರಿದುಹೋಯಿತು. ಬುದ್ಧನ ದೇಶ ನೋಡಲು ಹೊರಟ ಮಹಾತಾಯಂದಿರು ಬುದ್ಧನ ಮನೆಯವಳನ್ನೇ ಬಿಟ್ಟು ಹೋಗಿದ್ದರು. ದಾರಿ ಯಾಕೆ ಹೇಳಿಕೊಟ್ಟಿರಿ, ಅಲ್ಲೇ ಬಿದ್ದಿರುತ್ತಿದ್ದರು ಅಂತ ರೇಗಿದೆ. ಕೇಳಿದ್ದು ಅರುಣಾ, ಅವಳೇನು ಮಾಡಿದ್ದಾಳೆ ಅಂದು ಟೀಚರು ಮತ್ತೆ ಅಕ್ಕಿಗೆ ಕೈಹಾಕಿದರು. ಕಣ್ಣು ತುಂಬಿಕೊಂಡು ಕಲ್ಲೂ ಕಾಣುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಶಾಂತಾದೇವಿ ಪಾರೋದಿಂದ ತಂದ ಐದು ಬಣ್ಣದ ಪ್ರಾರ್ಥನೆಯ ಬಾವುಟದ ಸಾಲು ಹಿಡಿದುಕೊಂಡು ಬಂದರು. ನಾನಿದ್ದೆ. ಟೀಚರು ಕಾಫಿ ಮಾಡಿ ತಂದರು.

"ಕಾಫಿ ಬೇಡ ಕಣೇ, ಹೀಟು. ಎಳನೀರಿದ್ರೆ ಕೊಡು."

ಎಂದೂ ಕೇಳುತ್ತಿದ್ದದ್ದು ಅದನ್ನೇ. ಬಂದಾಗಲೆಲ್ಲ ಟೀಚರು ಕಾಯಿ ಕೀಳುವ ಹನುಮಯ್ಯನನ್ನು ಕರೆದು ಮರ ಹತ್ತಿಸುತ್ತಿದ್ದರು. ನಮ್ಮ ಹಿತ್ತಲ ಎಳನೀರು ಅಂದರೆ ಶಾಂತಾಗೆ ಪ್ರಾಣ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಶಾಂತಾದೇವಿ ಬುರುಡೆ ಎತ್ತಿ ಹಾಗೇ ಕುಡಿಯುತ್ತಿದ್ದರು. ಆ ಮನೆಯ ಲೋಟ ಒಂದು ಸಲವೂ ಅವರ ತುಟಿಗೆ ತಾಗಿರಲಿಲ್ಲ. ನನಗದು ಆ ಕ್ಷಣ ಹೊಳೆಯಿತು. ಟೀಚರ ಮುಖ ನೋಡಿದೆ, ಅವರಿಗೂ ಹೊಳೆದಿತ್ತು.

"ಎಳನೀರಿಲ್ಲ. ಇದನ್ನೇ ಕುಡಿ," ಅಂದರು.

ಶಾಂತಾದೇವಿ ಲೋಟ ನೋಡಿದರು, ನನ್ನನ್ನು ನೋಡಿದರು. ಅರಸೀಕೆರೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದರು.

"ಭೂತಾನ್ ಹೋಗ್ಲಿ ಬಿಡು ಚಿತ್ರಾ," ಅಂದರು ಟೀಚರು. "ಇಪ್ಪತ್ತೆರಡು ವರ್ಷ ನಾನೇ ಖುಷಿಯಿಂದ ಮರ ಹತ್ತಿಸಿದ್ನಲ್ಲ."